ಅಕ್ಕ ಬೊಟ್ಟಿಟ್ಟ ಫಿಲ್ಟರು

ಮೂವತ್ತೊಂದು ವರ್ಷ ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಪಾಠಕ್ಕಿಂತ ಜಾಸ್ತಿ ಹೆಸರು ಬಂದದ್ದು ಕಾಪಿ ಹಿಡಿಯುವುದರಲ್ಲಿ. ನಾನು ಪರೀಕ್ಷೆಯ ಕೋಣೆಗೆ ಕಾಲಿಟ್ಟರೆ ಹಿಂದಿನ ಬೆಂಚಿನವರು ಚೀಟಿ ನುಂಗಿಬಿಡುತ್ತಿದ್ದರಂತೆ. ಗಾಂಧಿ ಬಜಾರಿನಲ್ಲಿ ಸಿಕ್ಕುವ ಹಳೆಯ ಹುಡುಗರು ಈಗಲೂ ಅದನ್ನು ಹೇಳಿಕೊಂಡು ನಗುತ್ತಾರೆ. ಅಂಥ ನನ್ನ ಕಣ್ಣಿಗೆ ಒಬ್ಬ ಒಂದು ವರ್ಷಕ್ಕೂ ಮೇಲೆ ಮಣ್ಣೆರಚಿದ. ಅವನೂ ನನ್ನ ಶಿಷ್ಯನೇ. ವಿಷಯ ಏನಪ್ಪಾ ಅಂದರೆ ಕಾಫಿ ಲೋಟಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ತಗಡಿನ ಡಬ್ಬಿ, ಕಾರಿನ ಆಯಿಲ್ ಫಿಲ್ಟರು. ಇದನ್ನು ಹೇಳಿದರೆ ಎಷ್ಟೋ ಜನ "ಅಷ್ಟಕ್ಕೇನಾ?" ಅನ್ನುತ್ತಾರೆ. ಪೂರ್ತಿ ಕೇಳಿ ಆಮೇಲೆ ಅನ್ನಲಿ.

ಕಾರು ಕೊಂಡದ್ದು ನಲವತ್ತೆಂಟನೇ ವಯಸ್ಸಿನಲ್ಲಿ. ಸಣ್ಣ ಬಿಳಿ ಕಾರು. ಡ್ರೈವಿಂಗ್ ಕಲಿಸಿದವರು ನನ್ನನ್ನು ಬಸವನಗುಡಿಯ ಖಾಲಿ ಅಡ್ಡರಸ್ತೆಗಳಲ್ಲಿ ಸುತ್ತಿಸಿ ಸುತ್ತಿಸಿ ಸೋತುಹೋದರು. ಆಗ ಅದು ನನಗೊಂದು ಷೋಕಿ, ಅಷ್ಟೇ. ಷೋಕಿ ಹೋಗಿ ಅಗತ್ಯವಾದದ್ದು ಅಕ್ಕನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಗವಿಪುರದಲ್ಲಿ ಮಗನ ಜೊತೆ ಇದ್ದಳು. ಮಗ ಬೆಳಿಗ್ಗೆ ಐದೂವರೆಗೇ ಕಾರ್ಖಾನೆಯ ಬಸ್ಸು ಹತ್ತಬೇಕು. ಅಕ್ಕನಿಗೆ ಡಯಾಲಿಸಿಸ್ ವಾರಕ್ಕೆ ಮೂರು ದಿನ, ಮಲ್ಲೇಶ್ವರದ ಒಂದು ಆಸ್ಪತ್ರೆಯಲ್ಲಿ. ಹತ್ತಿರದಲ್ಲಿ ಎಲ್ಲೂ ಜಾಗ ಸಿಗಲಿಲ್ಲ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಅಲ್ಲಿರಬೇಕು. ಇಲ್ಲವಾದರೆ ಹಾಸಿಗೆ ಮುಂದಿನವರ ಪಾಲು. ನಾನು ರಿಟೈರ್ ಆಗಿ ಮನೆಯಲ್ಲಿದ್ದೆ. "ನಾನೇ ಕರ್ಕೊಂಡು ಹೋಗ್ತೀನಿ, ಒಂದು ದಿನಾನೂ ತಪ್ಪಿಸಲ್ಲ" ಅಂತ ಅಕ್ಕನಿಗೆ ಮಾತು ಕೊಟ್ಟೆ. ನಾನು ಆ ಮಾತು ಕೊಟ್ಟದ್ದು ಕಾರನ್ನು ನಂಬಿ. ಕಾರನ್ನು ನಂಬಿದ್ದು ನನ್ನ ಮೆಕ್ಯಾನಿಕ್ಕನ್ನು ನಂಬಿ.

ಅವನು ಹತ್ತನೇ ಕ್ಲಾಸಿನಲ್ಲಿ ಒಮ್ಮೆ ಫೇಲಾಗಿದ್ದ. ವಿಜ್ಞಾನದಲ್ಲೇ. ಬೇಸಿಗೆ ರಜದಲ್ಲಿ ಅವನನ್ನು ನಮ್ಮ ಮನೆಗೆ ಕರೆಸಿ, ಎದುರಿಗೆ ಕೂರಿಸಿಕೊಂಡು, ಪಾಸು ಮಾಡಿಸಿದ್ದೆ. ಮುಂದೆ ಓದಲಿಲ್ಲ. ಗ್ಯಾರೇಜು ಸೇರಿದ, ಹತ್ತು ವರ್ಷಕ್ಕೆ ಚಾಮರಾಜಪೇಟೆಯ ಒಂದು ಕ್ರಾಸಿನಲ್ಲಿ ತನ್ನದೇ ಶೆಡ್ ಹಾಕಿದ. ಈಗ ಅವನಿಗೇ ನಲವತ್ತು ದಾಟಿದೆ, ತಲೆಯ ಮುಂದಿನ ಕೂದಲೆಲ್ಲ ಹೋಗಿದೆ. ನನ್ನನ್ನು ಮಾತ್ರ ಇವತ್ತಿಗೂ ಅದೇ ಹಳೆಯ ದನಿಯಲ್ಲಿ "ಮಿಸ್" ಅನ್ನುತ್ತಾನೆ. ಆ ಒಂದು ಶಬ್ದಕ್ಕೆ ನಾನು ಕರಗಿಹೋಗುತ್ತಿದ್ದೆ ಎನ್ನುವುದನ್ನು ಒಪ್ಪಿಕೊಳ್ಳಬೇಕು.

ಫಿಲ್ಟರ್ ಅಂದರೆ ಏನು ಅಂತ ನನಗೆ ಕಲಿಸಿದವನೂ ಅವನೇ. ಮೊದಲ ಸರ್ವೀಸಿಗೆ ಹೋದಾಗ ನಾನು ಅಭ್ಯಾಸಬಲದಿಂದ ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದೆ. ಅವನು ಕೈ ಒರೆಸಿಕೊಂಡು, ಬಿಚ್ಚಿಟ್ಟಿದ್ದ ಎರಡು ಹಳೇ ಫಿಲ್ಟರುಗಳನ್ನು ಮೇಜಿನ ಇಕ್ಕಳದಂಥ ವೈಸಿಗೆ ಸಿಕ್ಕಿಸಿ, ಗರಗಸದಲ್ಲಿ ಕೊಯ್ದ. ಒಳಗಿನ ಕಾಗದವನ್ನು ನನ್ನ ಮುಂದೆ ಬಿಡಿಸಿ ಹಾಕಿದ. ಇಸ್ತ್ರಿ ಮಾಡಿದ ರೇಷ್ಮೆ ಸೀರೆಯ ನೆರಿಗೆಯಂತೆ ಒತ್ತೊತ್ತಾಗಿ ಮಡಿಸಿದ ಕಾಗದ. ಬಿಡಿಸಿದರೆ ಮೇಜಿನ ಈ ತುದಿಯಿಂದ ಆ ತುದಿಗೆ ಬಂತು.

"ನೋಡಿ ಮಿಸ್. ಎಂಜಿನ್ ಒಳಗಡೆ ಕಬ್ಬಿಣ ಕಬ್ಬಿಣ ಉಜ್ಜುತ್ತೆ. ಮಧ್ಯ ಆಯಿಲ್ ಇರೋದಕ್ಕೆ ಬದುಕಿದೆ. ಉಜ್ಜಿದ ಪುಡಿ, ಪೆಟ್ರೋಲ್ ಉರಿದ ಮಸಿ, ಧೂಳು, ಎಲ್ಲಾ ಆಯಿಲ್‌ಗೇ ಸೇರ್ಕೊಳ್ಳುತ್ತೆ. ಪಂಪು ಆ ಆಯಿಲ್‌ನ ಇಲ್ಲಿಗೆ ನೂಕುತ್ತೆ. ಈ ಸುತ್ತ ಇರೋ ಸಣ್ಣ ತೂತಿಂದ ಒಳಗೆ, ಕಾಗದ ದಾಟಿ, ಮಧ್ಯದ ದೊಡ್ಡ ತೂತಿಂದ ವಾಪಸ್ ಎಂಜಿನ್‌ಗೆ. ಕಸ ಎಲ್ಲಾ ಕಾಗದದ ಮೇಲೇ ನಿಂತ್ಕೊಳ್ಳುತ್ತೆ."

ತೂತುಗಳ ಹಿಂದೆ ತೆಳ್ಳನೆಯ ಒಂದು ರಬ್ಬರ್ ಬಿಲ್ಲೆ ಇತ್ತು. ಅದನ್ನು ಬೆರಳಲ್ಲಿ ಎತ್ತಿ ತೋರಿಸಿ ನಕ್ಕ. "ಇದು ನಿಮ್ಮ ಪಾಠ ಮಿಸ್. ಹೃದಯದಲ್ಲಿ ಕವಾಟ ಇರುತ್ತೆ, ರಕ್ತ ಒಂದೇ ಕಡೆ ಹೋಗ್ಬೇಕು, ವಾಪಸ್ ಬರಬಾರದು ಅಂತ ಹೇಳ್ಕೊಟ್ಟಿದ್ರಲ್ಲ. ಇದೂ ಅದೇ. ಗಾಡಿ ನಿಲ್ಸಿದಾಗ ಫಿಲ್ಟರಲ್ಲಿರೋ ಆಯಿಲ್ ಕೆಳಗೆ ಇಳಿದು ಹೋಗದ ಹಾಗೆ ತಡೆಯುತ್ತೆ. ಇದು ಗಟ್ಟಿಯಾಗಿ ಹೋದ್ರೆ ಫಿಲ್ಟರ್ ಖಾಲಿ ಆಗುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಗಡಗಡ ಅನ್ನುತ್ತೆ, ಕೆಂಪು ಲೈಟು ತಡವಾಗಿ ಆರುತ್ತೆ."

ಫೇಲಾದ ಹುಡುಗ ಹನ್ನೆರಡು ವರ್ಷದ ಮೇಲೆ ಕವಾಟದ ಪಾಠ ಒಪ್ಪಿಸಿದಾಗ ನನಗೆ ಹೆಮ್ಮೆಯೋ ಹೆಮ್ಮೆ. ಸ್ಟಾಫ್ ರೂಮಿನಲ್ಲಿ ಒಂದು ವಾರ ಅದನ್ನೇ ಹೇಳಿದೆ. ಸಹೋದ್ಯೋಗಿಗಳು ನನ್ನನ್ನು ಕಂಡರೆ ಓಡುವ ಹಾಗಾಯಿತು.

ಇನ್ನೊಂದು ಕವಾಟವನ್ನೂ ಅವತ್ತೇ ತೋರಿಸಿದ. ಡಬ್ಬಿಯ ತಳದಲ್ಲಿ ಸ್ಪ್ರಿಂಗ್ ಇರುವ ಒಂದು ಸಣ್ಣ ಬಾಗಿಲು. ಕಾಗದ ಕಸದಿಂದ ಕಟ್ಟಿಕೊಂಡರೆ ಎಣ್ಣೆ ದಾಟಲಾರದು. ಆಗ ಒತ್ತಡಕ್ಕೆ ಆ ಬಾಗಿಲು ತೆರೆದುಕೊಂಡು ಎಣ್ಣೆಯನ್ನು ಸೋಸದೇ ಹಾಗೇ ಎಂಜಿನ್ನಿಗೆ ಬಿಡುತ್ತದೆ. ಎಣ್ಣೆಯೇ ಇಲ್ಲದೆ ಎಂಜಿನ್ ಹಿಡಿದುಕೊಳ್ಳುವುದಕ್ಕಿಂತ ಕೊಳಕು ಎಣ್ಣೆಯೇ ವಾಸಿ ಎನ್ನುವ ಲೆಕ್ಕ. "ಗಾಡಿ ನಿಲ್ಲಲ್ಲ ಮಿಸ್. ಓಡ್ತಾನೇ ಇರುತ್ತೆ. ಒಳಗಡೆ ಸವೆಯುತ್ತಾ ಇರುತ್ತೆ, ಓಡ್ಸೋರಿಗೆ ಗೊತ್ತೇ ಆಗಲ್ಲ" ಅಂದ. ಈ ಮಾತನ್ನು ಆಡಿದ ಬಾಯಿ ಅವನದೇ ಎನ್ನುವುದು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಯಾವ ಫಿಲ್ಟರು ಆರಿಸಬೇಕು ಅಂತಲೂ ಕಲಿಸಿದ. ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಅಸಲಿಯ ಪಕ್ಕದಲ್ಲೇ ನಕಲಿ ಕೂತಿರುತ್ತದೆ. ಡಬ್ಬದ ಬಣ್ಣವೂ ಅದೇ, ಅಕ್ಷರವೂ ಅದೇ. ಕಣ್ಣಳತೆಯಲ್ಲಿ ಕೊಳ್ಳಬೇಡಿ, ಒಂದೇ ಗಾತ್ರದ ಎರಡು ಫಿಲ್ಟರಿನ ತಿರುಪಿನ ಸುತ್ತು ಬೇರೆ ಇರುತ್ತದೆ, ಒಳಗಿನ ಸ್ಪ್ರಿಂಗಿನ ಬಿಗಿ ಬೇರೆ ಇರುತ್ತದೆ. ಕಾರಿನ ಪುಸ್ತಕದಲ್ಲಿರುವ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಅದನ್ನೇ ಕೇಳಿ. ದೊಡ್ಡದು ಹಾಕಿದರೆ ಒಳ್ಳೆಯದು ಅಂತ ಅಂಗಡಿಯವನು ಪುಸಲಾಯಿಸಿದರೆ ಎದ್ದು ಬನ್ನಿ. ಕೈಯಲ್ಲಿ ಹಿಡಿದು ತೂಕ ನೋಡಿ, ನಕಲಿ ಹಗುರ. ತೂತಿನಲ್ಲಿ ಇಣುಕಿ ನೋಡಿ, ರಬ್ಬರ್ ಬಿಲ್ಲೆ ಮೆತ್ತಗಿರಬೇಕು, ಸಮವಾಗಿ ಕೂತಿರಬೇಕು. ನಾನು ಚೀಟಿ ಹಿಡಿದು, ಕನ್ನಡಕ ಏರಿಸಿ, ಅಂಗಡಿಯಿಂದ ಅಂಗಡಿಗೆ ಹೋಗಿ ಫಿಲ್ಟರುಗಳನ್ನು ತರಕಾರಿಯಂತೆ ಆರಿಸುತ್ತಿದ್ದೆ. ಅಂಗಡಿಯವರು "ಬಂದ್ರು ಮೇಡಮ್ಮು" ಅಂತ ಒಳಗಿಂದಲೇ ಒಳ್ಳೇ ಮಾಲು ತೆಗೆಯುವ ಮಟ್ಟಕ್ಕೆ ಬಂತು.

ಸರ್ವೀಸು ವರ್ಷಕ್ಕೆರಡು ಸಲ: ಏಪ್ರಿಲ್‌ನಲ್ಲಿ ಒಂದು, ಆಯುಧಪೂಜೆಯ ಮುಂಚೆ ಒಂದು. ಫಿಲ್ಟರನ್ನು ನಾನೇ ತಂದು ಅವನ ಮೇಜಿನ ಮೇಲಿಡುವುದು. ಮೊದಮೊದಲು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಹಳೆಯದನ್ನು ತಿರುಗಿಸಿ ಬಿಚ್ಚುವುದು, ಹೊಸದರ ರಬ್ಬರ್ ಉಂಗುರಕ್ಕೆ ಬೆರಳಲ್ಲಿ ಹೊಸ ಎಣ್ಣೆ ಸವರುವುದು, ಕೈಯಿಂದಲೇ ತಿರುಗಿಸಿ, ಉಂಗುರ ತಾಕಿದ ಮೇಲೆ ಇನ್ನು ಮುಕ್ಕಾಲು ಸುತ್ತು, ಸಾಕು. ಆಮೇಲಾಮೇಲೆ ಅವನೇ, "ಬಿಸಿ ಆಯಿಲ್ ಪೂರ್ತಿ ಇಳೀಬೇಕು ಮಿಸ್, ಅರ್ಧ ಗಂಟೆ ಆಗುತ್ತೆ, ಕಾಫಿ ಕುಡ್ಕೊಂಡು ಬನ್ನಿ" ಅನ್ನತೊಡಗಿದ. ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಬಾನೆಟ್ಟಿನೊಳಗೆ ಫಿಲ್ಟರ್ ಫಳಫಳ ಹೊಳೆಯುತ್ತಿತ್ತು. ಖಾಲಿ ರಟ್ಟಿನ ಡಬ್ಬವನ್ನು ನನ್ನ ಕೈಗೆ ಕೊಡುತ್ತಿದ್ದ. ನಾನು ಅದರ ಮೇಲೆ ತಾರೀಖು, ಕಿಲೋಮೀಟರು ಬರೆದು ಮನೆಯ ಡ್ರಾಯರಿನಲ್ಲಿ ಇಡುತ್ತಿದ್ದೆ. ಎಂಥ ಶಿಸ್ತು ನೋಡಿ ನನ್ನದು.

ಅಕ್ಕನಿಗೆ ಡಯಾಲಿಸಿಸ್ ಶುರುವಾದ ವರ್ಷದ ಆಯುಧಪೂಜೆಯನ್ನು ಹೇಳಬೇಕು. ಆ ಸಲದ ಫಿಲ್ಟರನ್ನು ಅವನು ನನ್ನ ಕಣ್ಣೆದುರೇ ಹಾಕಿದ್ದ. ಮೂರು ದಿನ ಆಗಿತ್ತಷ್ಟೇ. ಕಾರು ತೊಳೆದು, ಸೇವಂತಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟೆ. ಅಕ್ಕ ನಮ್ಮ ಮನೆಗೆ ಬಂದಿದ್ದಳು, ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಉಸ್ತುವಾರಿ ಮಾಡುತ್ತಿದ್ದಳು. ಇದ್ದಕ್ಕಿದ್ದಂತೆ ಎದ್ದು ಬಂದು, "ಅದರ ಬಾಯಿ ತೆಗಿಯೇ" ಅಂದಳು. ಬಾನೆಟ್ ಎತ್ತಿದೆ.

"ಇದ್ರಲ್ಲಿ ಕಿಡ್ನಿ ಯಾವುದು?"

ತೋರಿಸಿದೆ. ಎಂಜಿನ್ನಿನ ಮುಂದೆಯೇ, ಕೈ ಇಳಿಬಿಟ್ಟರೆ ಸಿಗುವಂತೆ ಇದೆ.

"ಪಾಪ. ನಂದಕ್ಕಾದ್ರೆ ಆಸ್ಪತ್ರೇಲಿ ಹೆಸರು ಬರೀತಾರೆ. ಇದಕ್ಕೆ ಯಾರೂ ದಿಕ್ಕಿಲ್ಲ."

ಅದು ನಿಜ. ಡಯಾಲಿಸಿಸ್ಸಿನಲ್ಲಿ ರಕ್ತ ಸೋಸುವ ಕೊಳವೆಯನ್ನು ಆ ಆಸ್ಪತ್ರೆಯಲ್ಲಿ ಅದೇ ರೋಗಿಗೆ ತೊಳೆದು ಮತ್ತೆ ಬಳಸುತ್ತಿದ್ದರು. ಅದನ್ನು ನಮಗೆ ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದರು. ಕೊಳವೆಯ ಮೇಲೆ ಮಾರ್ಕರಿನಲ್ಲಿ ಅಕ್ಕನ ಹೆಸರು, ಎಷ್ಟನೇ ಸಲ ಎನ್ನುವ ಅಂಕಿ. ಅಂಕಿ ಮುಗಿದರೆ ಅಕ್ಕನಿಗೇ ತೋರಿಸಿ ಎಸೆಯುತ್ತಿದ್ದರು.

ಅಕ್ಕ ಫಿಲ್ಟರಿಗೆ ಕುಂಕುಮ ಇಡಲು ನೋಡಿದಳು. ನುಣ್ಣನೆಯ ಬಿಳಿ ಬಣ್ಣದ ಮೇಲೆ ಪುಡಿ ನಿಲ್ಲಲಿಲ್ಲ. ಆಗ ತನ್ನ ಹಣೆಯ ಮೇಲಿದ್ದ ಮೆರೂನ್ ಬಣ್ಣದ ಸ್ಟಿಕ್ಕರ್ ಬೊಟ್ಟನ್ನು ಕಿತ್ತು, ಕೈ ಇಳಿಬಿಟ್ಟು, ಫಿಲ್ಟರಿಗೆ ಅಂಟಿಸಿ ಒತ್ತಿದಳು. ಬಗ್ಗಲು ಆಗದೆ ಕೈಗೆ ಸಿಕ್ಕಿದ ಹಿಂಬದಿಗೆ ಅಂಟಿಸಿದ್ದರಿಂದ ಮೇಲಿಂದ ನೋಡಿದರೆ ಕಾಣುತ್ತಿರಲಿಲ್ಲ.

"ಪೂಜೆಗೆ ಎಂಜಲು ಬೊಟ್ಟಾ?" ಅಂತ ರೇಗಿಸಿದೆ.

"ಇದೇನು ದೇವರಾ? ನನ್ನ ಜೊತೆಗಾತಿ ಕಣೆ" ಅಂದಳು.

ಭಾವ ಹೋದ ಮೇಲೂ ಅಕ್ಕ ಬೊಟ್ಟು ಬಿಟ್ಟವಳಲ್ಲ. ರಾತ್ರಿ ಮಲಗುವ ಮುಂಚೆ ಕಿತ್ತು ಕನ್ನಡಿಗೆ ಅಂಟಿಸುವಳು. ಅವಳ ಕನ್ನಡಿಯ ಅಂಚಿನ ತುಂಬಾ ಬೊಟ್ಟುಗಳೇ. ಅವತ್ತು ಬೋಳು ಹಣೆಯಲ್ಲಿ ಒಳಗೆ ಹೋಗಿ, ಪರ್ಸಿನಿಂದ ಇನ್ನೊಂದು ತೆಗೆದು ಇಟ್ಟುಕೊಂಡು ಬಂದಳು. ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿ, ನಾವಿಬ್ಬರೂ ರಾಮಕೃಷ್ಣಾಶ್ರಮದವರೆಗೆ ಹೋಗಿ ಬಂದೆವು.

ಮುಂದಿನ ಏಪ್ರಿಲ್‌ನಲ್ಲಿ ಸರ್ವೀಸ್ ಆಯಿತು. ಫಿಲ್ಟರ್ ತಂದುಕೊಟ್ಟೆ, ಕಾಫಿ ಕುಡಿದು ಬಂದೆ, ಖಾಲಿ ಡಬ್ಬ ತಂದು ತಾರೀಖು ಬರೆದೆ. ಜೂನಿನ ಹೊತ್ತಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಗಡಗಡ ಎನ್ನತೊಡಗಿತು. ಎರಡು ಮೂರು ಸೆಕೆಂಡು, ಆಮೇಲೆ ಸರಿಹೋಗುತ್ತಿತ್ತು. ನನಗೆ ಪಾಠ ಬಾಯಿಪಾಠವಾಗಿತ್ತು. ಆದರೂ ಫಿಲ್ಟರ್ ಹೊಸದು, ನಾನೇ ಆರಿಸಿದ್ದು, ಹಾಕಿದವನು ನನ್ನ ಶಿಷ್ಯ; ಹಾಗಾಗಿ ಅದಲ್ಲ, ಬೇರೇನೋ ಇರಬೇಕು ಅಂದುಕೊಂಡೆ.

ಆಗಸ್ಟಿನ ಒಂದು ಗುರುವಾರ, ಆರೂವರೆಗೆ ಸಿರ್ಸಿ ಸರ್ಕಲ್ ಸಿಗ್ನಲ್‌ನಲ್ಲಿ ನಿಂತಿದ್ದಾಗ ಎಣ್ಣೆಯ ಕೆಂಪು ದೀಪ ಹತ್ತಿತು. ಒಳಗಿಂದ ಟಕಟಕ ಸದ್ದು. ಕೆಂಪು ದೀಪ ಹತ್ತಿದರೆ ಒಂದು ಹೆಜ್ಜೆಯೂ ಓಡಿಸಬಾರದು, ಅದೂ ಅವನದೇ ಪಾಠ. ಎಂಜಿನ್ ಆರಿಸಿದೆ. ಹಿಂದೆ ಬಸ್ಸು, ಲಾರಿ, ಬಾಯಿಗೆ ಬಂದಂತೆ ಬೈಗುಳ. ಪೊಲೀಸಿನವರು ಇಬ್ಬರನ್ನು ಕರೆದು ಕಾರನ್ನು ಪಕ್ಕಕ್ಕೆ ತಳ್ಳಿಸಿದರು. ಆಟೋದವರಲ್ಲಿ ಒಬ್ಬ ಮಲ್ಲೇಶ್ವರ ಅಂದರೆ ಮುಖ ತಿರುಗಿಸಿದ, ಇನ್ನೊಬ್ಬ ನಿಲ್ಲಿಸಲೇ ಇಲ್ಲ. ಅಕ್ಕ ಫುಟ್‌ಪಾತಿನ ಕಟ್ಟೆಯ ಮೇಲೆ ಕೂತು ಬಾಯಲ್ಲಿ ಉಸಿರಾಡುತ್ತಿದ್ದಳು. ಪಾದಗಳು ಊದಿ ಚಪ್ಪಲಿಯ ಪಟ್ಟಿ ಒಳಗೆ ಹೂತುಹೋಗಿತ್ತು. ಆಸ್ಪತ್ರೆ ಮುಟ್ಟಿದಾಗ ಎಂಟು ದಾಟಿತ್ತು. ಅಕ್ಕನ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಮಧ್ಯಾಹ್ನ ಮೂರರವರೆಗೆ ಅಕ್ಕ ಬೆಂಚಿನ ಮೇಲೆ ಗೋಡೆಗೊರಗಿ ಕೂತಿದ್ದಳು. ಒಂದು ಗುಟುಕು ನೀರು ಕುಡಿಯುವಂತಿರಲಿಲ್ಲ.

ಆ ಬೆಂಚಿನ ಮೇಲೆ ಅಕ್ಕ ಹೇಳಿದಳು: "ಆ ನಿನ್ನ ಹುಡುಗ ಏನೋ ಸರಿಯಾಗಿ ಮಾಡ್ತಿಲ್ಲ ಕಣೆ. ಆ ಗಡಗಡ ಮೊದಲು ಇರ್ಲಿಲ್ಲ. ಒಂದ್ಸಲ ಬೇರೆಯವರ ಹತ್ರ ತೋರ್ಸು."

ಬೆಳಿಗ್ಗೆಯಿಂದ ಬೈಸಿಕೊಂಡಿದ್ದೆ, ಹೆದರಿದ್ದೆ, ಕೊಟ್ಟ ಮಾತು ತಪ್ಪಿದ್ದೆ. ಎಲ್ಲವನ್ನೂ ಅಕ್ಕನ ಮೇಲೆ ತೀರಿಸಿಕೊಂಡೆ. "ಅವನು ನನ್ನ ಶಿಷ್ಯ. ಅವನ ಬಗ್ಗೆ ಒಂದು ಮಾತು ಆಡ್ಬೇಡ. ಎಂಜಿನ್ ವಿಷಯ ನಿನಗೇನು ಗೊತ್ತು? ಕರ್ಕೊಂಡು ಬರ್ತಿರೋಳು ನಾನು. ಕೂರ್ಸಿದ ಕಡೆ ಸುಮ್ನೆ ಕೂತ್ಕೋ!"

ಸಾಲಿನಲ್ಲಿ ಕೂತಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ಅಕ್ಕ ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ನೋಡಿದಳು. ಮುಂದಿನ ಶನಿವಾರದಿಂದ ಅವಳು ಮುಂದಿನ ಸೀಟಿನಲ್ಲಿ ಕೂರಲಿಲ್ಲ. ಹಿಂದಿನ ಬಾಗಿಲು ತೆಗೆದು, "ಕಾಲು ಚಾಚ್ಕೋಬೇಕು" ಅಂದಳು. ನಾನೂ ಬಾ ಮುಂದೆ ಅನ್ನಲಿಲ್ಲ. ನನಗೂ ಬಿಗುಮಾನ.

ಕಾರನ್ನು ಎಳೆಸಿಕೊಂಡು ಹೋದ ಅವನು ಶುಕ್ರವಾರ ಸಂಜೆಗೇ ವಾಪಸ್ ತಂದಿದ್ದ. "ಆಯಿಲ್ ಸೆನ್ಸರ್ ಹೋಗಿತ್ತು ಮಿಸ್. ಬದಲಾಯ್ಸಿದೀನಿ. ಫಿಲ್ಟರ್ ಎಲ್ಲಾ ಹೊಸದೇ ಅಲ್ವಾ, ಅದೇನೂ ಯೋಚನೆ ಇಲ್ಲ." ಅವನಿಗೆ ನಾನೇ ಹೇಳಿದೆ, ಒಂಥರಾ ಹೆಮ್ಮೆಯಿಂದಲೇ ಹೇಳಿದೆ: "ನೋಡಪ್ಪಾ, ಅಕ್ಕ ನಿನ್ನ ಮೇಲೆ ಅನುಮಾನ ಪಟ್ಟಳು. ಆಸ್ಪತ್ರೇಲಿ ಎಲ್ಲರ ಎದುರಿಗೆ ಬೈದುಬಿಟ್ಟೆ."

ಅವನು ಒಂದು ಗಳಿಗೆ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದ. ಆಮೇಲೆ ನಕ್ಕು, "ಹೋಗ್ಲಿ ಬಿಡಿ ಮಿಸ್. ಪಾಪ, ವಯಸ್ಸಾದೋರು" ಅಂದ.

ಅಕ್ಟೋಬರಿನ ಸರ್ವೀಸೂ ಆಯಿತು, ಅದೇ ಕಾಫಿ, ಅದೇ ಖಾಲಿ ಡಬ್ಬ. ಆ ವರ್ಷ ಆಯುಧಪೂಜೆಗೆ ಅಕ್ಕ ಬರಲಿಲ್ಲ, ನಿಶ್ಶಕ್ತಿ. ಜನವರಿಯಲ್ಲಿ ಹೋಗಿಬಿಟ್ಟಳು. ಹೃದಯ ನಿಂತಿತು ಅಂದರು ಡಾಕ್ಟರು. ಆ ಒಂದು ಗುರುವಾರಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತಲೂ, ನಾನು ಕೇಳಿದ್ದಕ್ಕೆ, ಸ್ಪಷ್ಟವಾಗಿ ಹೇಳಿದರು. ನಂಬುತ್ತೇನೆ. ಆದರೆ ಆಗಸ್ಟಿನಿಂದ ಜನವರಿಯವರೆಗೆ ಅಕ್ಕ ನನ್ನ ಬೆನ್ನ ಹಿಂದೆ ಕೂತಳು. ನನಗೆ ಕನ್ನಡಿಯಲ್ಲಿ ಅವಳ ಹಣೆ ಮಾತ್ರ ಕಾಣುತ್ತಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಇಳಿಸುವಾಗ ಕೈ ಹಿಡಿದುಕೊಳ್ಳುತ್ತಿದ್ದಳು. ತಪ್ಪಾಯ್ತು ಅನ್ನಲು ವಾರಕ್ಕೆ ಮೂರು ಅವಕಾಶ ಇತ್ತು. ಅನ್ನಲಿಲ್ಲ, ಏಕೆಂದರೆ ತಪ್ಪು ನನ್ನದಲ್ಲ ಅಂತ ನಂಬಿದ್ದೆ.

ಅಕ್ಕ ಹೋದ ದಿನ ನನ್ನ ಶಿಷ್ಯನೂ ಬಂದಿದ್ದ. ಬೆಳಿಗ್ಗೆಯೇ ಬಂದು ಚಟ್ಟಕ್ಕೆ ಹೆಗಲು ಕೊಟ್ಟ, ಚಿತಾಗಾರದ ಮುಂದೆ ಮುಖ ಮುಚ್ಚಿಕೊಂಡು ಅತ್ತ. "ನನಗೂ ಅಕ್ಕನೇ ಮಿಸ್" ಅಂದ. ವೈಕುಂಠ ಸಮಾರಾಧನೆಯ ದಿನ ಪಂಚೆ ಎತ್ತಿ ಕಟ್ಟಿ ಪಾಯಸ ಬಡಿಸಿದ. ನಮ್ಮ ನೆಂಟರೆಲ್ಲ, ಇಂಥ ಶಿಷ್ಯ ಸಿಗಲು ಪುಣ್ಯ ಮಾಡಿರಬೇಕು ಅಂದರು. ಹೌದು ಅಂದೆ.

ಏಪ್ರಿಲ್‌ನಲ್ಲಿ ಮತ್ತೊಂದು ಫಿಲ್ಟರ್ ತಂದುಕೊಟ್ಟೆ. ಜೂನಿನಲ್ಲಿ ಮನೆ ಮುಂದಿನ ರಂಗೋಲಿಯ ಮೇಲೆ ಎಣ್ಣೆಯ ಹನಿಗಳು ಕಾಣಿಸಿದವು. ಅವನಿಗೆ ಫೋನ್ ಮಾಡಿದರೆ ಕನಕಪುರದ ಹತ್ತಿರ ಯಾವುದೋ ಮದುವೆಯಲ್ಲಿದ್ದ. "ಎರಡು ದಿನ ಇರಲಿ ಮಿಸ್, ಬೇರೆ ಕಡೆ ಕೊಡ್ಬೇಡಿ, ಬಂದು ನೋಡ್ತೀನಿ" ಅಂದ. ನನಗೆ ತಡೆಯಲಿಲ್ಲ, ರಂಗೋಲಿ ಹಾಳಾಗುತ್ತಿತ್ತಲ್ಲ. ಹನುಮಂತನಗರದ ಒಂದು ಗ್ಯಾರೇಜಿಗೆ ಮೆಲ್ಲಗೆ ಓಡಿಸಿಕೊಂಡು ಹೋದೆ.

ಅಲ್ಲಿನ ಮೆಕ್ಯಾನಿಕ್ ನನ್ನ ವಯಸ್ಸಿನವರೇ. ಟಾರ್ಚ್ ಹಾಕಿ ನೋಡಿ, "ಫಿಲ್ಟರ್ ವಾಶರ್ ಗಟ್ಟಿಯಾಗಿ ಹೋಗಿದೆ, ಅಲ್ಲಿಂದ ಲೀಕು. ಇದನ್ನ ಹಾಕಿ ಎಷ್ಟು ವರ್ಷ ಆಯ್ತಮ್ಮ?" ಅಂದರು. ಎರಡು ತಿಂಗಳು ಅಂದೆ. ಅವರು ಹಿಡಿತಕ್ಕೆ ಬೆಲ್ಟ್ ಸುತ್ತಿ ಬಿಚ್ಚಿದರು. ಸುಲಭಕ್ಕೆ ಬರಲಿಲ್ಲ. ಹೊರಗೆ ತೆಗೆದು ತಿರುಗಿಸಿ ನೋಡಿ, ಗಟ್ಟಿಯಾಗಿ ನಕ್ಕುಬಿಟ್ಟರು.

"ಏನಮ್ಮಾ ಇದು, ಫಿಲ್ಟರ್‌ಗೂ ಬೊಟ್ಟಿಟ್ಟಿದೀರಾ?"

ನನ್ನ ಕೈಗೆ ಕೊಟ್ಟರು. ಮುಂಬದಿಯನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಅಕ್ಷರ ಮಾಸಿತ್ತು. ಹಿಂಬದಿಯಲ್ಲಿ ಒಂದೂಮುಕ್ಕಾಲು ವರ್ಷದ ಜಿಡ್ಡು, ಆ ಜಿಡ್ಡಿನ ನಡುವೆ ಅಕ್ಕನ ಬೊಟ್ಟು. ಬಿಸಿಗೆ ಕಪ್ಪಾಗಿ, ತಗಡಿಗೇ ಬೆಸೆದುಕೊಂಡಿತ್ತು. ಅಂಚಿನಲ್ಲಿ ಮಾತ್ರ ಸ್ವಲ್ಪ ಮೆರೂನ್ ಉಳಿದಿತ್ತು.

ಕಾರಿಗೆ ಒರಗಿ ನಿಂತೆ. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಹೊಸ ಫಿಲ್ಟರ್, ಹೊಸ ಎಣ್ಣೆ ಹಾಕಿ ಸ್ಟಾರ್ಟ್ ಮಾಡಿದರೆ ಗಡಗಡ ಇಲ್ಲ. ಕೆಂಪು ದೀಪ ಹತ್ತಿದ್ದೇ ತಡ ಆರಿತು. ಅಷ್ಟೇ ಕೆಲಸ. ಒಳಗೆ ಸವೆದದ್ದು ಸವೆದಿದೆ, ಆದರೂ ನಿಧಾನ ಓಡಿಸಿಕೊಂಡರೆ ಕೆಲವು ವರ್ಷ ಬರುತ್ತೆ ಅಂದರು.

ಮನೆಗೆ ಬಂದು ಡ್ರಾಯರ್ ಎಳೆದೆ. ಅಕ್ಕ ಬೊಟ್ಟಿಟ್ಟ ಮೇಲಿನವು ಮೂರು ಖಾಲಿ ಡಬ್ಬ, ಮೂರರ ಮೇಲೂ ನನ್ನ ದುಂಡನೆಯ ಅಕ್ಷರ. ಮಕ್ಕಳ ಚೀಟಿ ಹಿಡಿದು ಮೆರೆದವಳು ಮೂರು ಖಾಲಿ ಡಬ್ಬಕ್ಕೆ ಸಹಿ ಹಾಕಿ ಇಟ್ಟುಕೊಂಡಿದ್ದೆ. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಕೋಪ ಬಂತು, ಎರಡು ದಿನ ಅನ್ನ ಸೇರಲಿಲ್ಲ.

ಮೂರನೆಯ ದಿನ ಫಿಲ್ಟರನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಅವನ ಶೆಡ್ಡಿಗೆ ಹೋದೆ. ಹನ್ನೊಂದು ಗಂಟೆ. "ಬನ್ನಿ ಮಿಸ್" ಅಂತ ಸ್ಟೂಲ್ ಒರೆಸಿದ. ನಾನು ಕೂರಲಿಲ್ಲ. ಫಿಲ್ಟರನ್ನು, ಹಿಂದೊಮ್ಮೆ ಅವನು ಕಾಗದ ಬಿಡಿಸಿ ತೋರಿಸಿದ್ದ ಅದೇ ಮೇಜಿನ ಮೇಲೆ ಇಟ್ಟೆ. ಅವನು ಮುಂಬದಿಯನ್ನಷ್ಟೇ ನೋಡಿದ. ಬಣ್ಣ ಹೋಗಿದ್ದನ್ನು ನೋಡಿದರೆ ಸಾಕಿತ್ತು ಅವನಿಗೆ. ಮುಖ ಇಳಿದುಹೋಯಿತು.

"ನಾನು ತಂದುಕೊಟ್ಟ ಮೂರು ಫಿಲ್ಟರ್ ಎಲ್ಲಿ ಹೋಯ್ತು?"

ಸ್ಟೂಲ್ ಒರೆಸಿದ ಬಟ್ಟೆಯನ್ನು ಮಡಿಸಿಟ್ಟ. ಆಮೇಲೆ ನೆಲ ನೋಡಿಕೊಂಡು ಹೇಳಿದ. ನಮ್ಮದೇ ಮಾಡೆಲಿನ ಕಾರು ಒಬ್ಬ ಬಿಲ್ಡರ್ ಹತ್ತಿರವೂ ಇದೆ. ಮೊದಲ ಸಲ, ಆ ಏಪ್ರಿಲ್‌ನಲ್ಲಿ, ಅವರು ಬಂದು ಈಗಲೇ ಆಗಬೇಕು ಅಂತ ನಿಂತರು. ಶೆಡ್ಡಿನಲ್ಲಿ ಬೇರೆ ಫಿಲ್ಟರ್ ಇರಲಿಲ್ಲ, ಮೇಜಿನ ಮೇಲೆ ನನ್ನದಿತ್ತು. "ಅವರು ಕೂಗಾಡ್ತಾರೆ ಮಿಸ್. ಬೀದಿಯೆಲ್ಲ ಕೇಳೋ ಹಾಗೆ. ನಿಮ್ಮದು ಓಡೋದು ಕಮ್ಮಿ, ಒಂದು ಸಲ ಬಿಟ್ರೆ ಏನಾಗುತ್ತೆ ಅಂದ್ಕೊಂಡೆ. ಮುಂದಿನ ಸಲ ಹಾಕ್ಬಿಡೋಣ ಅಂತಿದ್ದೆ. ಮುಂದಿನ ಸಲಾನೂ ಹಂಗೇ ಆಯ್ತು. ನೀವು ನೋಡಲ್ಲ ಅಂತ ಗೊತ್ತಿತ್ತು. ನೀವು ನಮ್ಮೋರು ಅಲ್ವಾ ಮಿಸ್."

"ಕೂಗಾಡೋರಿಗೆ ಹೊಸದು. ನಮ್ಮೋರಿಗೆ ಹಳೇದು."

"ಹಂಗಲ್ಲ ಮಿಸ್..."

"ಆಸ್ಪತ್ರೇಲಿ ಅಕ್ಕನಿಗೂ ತೊಳೆದೇ ಹಾಕ್ತಿದ್ರು. ಅವಳಿಗೆ ಹೇಳಿ ಹಾಕ್ತಿದ್ರು."

ನಾನು ಇನ್ನೊಂದು ಪ್ರಶ್ನೆ ಕೇಳಿದೆ. ನಿಜವಾಗಿ ನಾನು ಅಲ್ಲಿಗೆ ಹೋದದ್ದು ಅದನ್ನು ಕೇಳಲಿಕ್ಕೇ. "ಆಗಸ್ಟ್‌ನಲ್ಲಿ ನಾನು ಅಕ್ಕನ್ನ ಬೈದೆ ಅಂತ ನಿನಗೆ ಹೇಳಿದೆನಲ್ಲ. ಆವಾಗ ಯಾಕೆ ಬಾಯಿ ಬಿಡ್ಲಿಲ್ಲ?"

"ಹೇಳೋಕೆ ಮುಖ ಇರ್ಲಿಲ್ಲ ಮಿಸ್."

"ವಯಸ್ಸಾದೋರು ಅಂತ ನಗೋಕೆ ಇತ್ತಾ?"

ಫಿಲ್ಟರ್ ಹೋದದ್ದನ್ನು ನಾನು ಒಂದು ದಿನ ಮರೆತೇನು. ಎಂಜಿನ್ ಸವೆದದ್ದನ್ನೂ ಮರೆತೇನು, ಕಬ್ಬಿಣ ತಾನೇ. ಆದರೆ ಅವತ್ತು ಅವನು ಒಂದೇ ಒಂದು ಮಾತು, "ಅಕ್ಕ ಹೇಳಿದ್ದು ಸರಿ ಮಿಸ್" ಅಂತ ಹೇಳಿದ್ದರೆ, ನಾನು ಅವನಿಗೆ ನಾಲ್ಕು ಬಾರಿಸಿ, ಸೀದಾ ಗವಿಪುರಕ್ಕೆ ಹೋಗಿ, ಅಕ್ಕನನ್ನು ಎಳೆದುಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂರಿಸುತ್ತಿದ್ದೆ. ಐದು ತಿಂಗಳಿತ್ತು. ಐದು ತಿಂಗಳೂ ಅವನು ಬಾಯಿ ಮುಚ್ಚಿಕೊಂಡು, ಕೊನೆಗೆ ಅವಳ ಹೆಸರಿನಲ್ಲಿ ಪಾಯಸ ಬಡಿಸಿದ.

ಅವನು ಅಳುತ್ತಿದ್ದ. ಎಂಜಿನ್ ಪೂರ್ತಿ ಬಿಚ್ಚಿ ಹೊಸದು ಮಾಡಿಕೊಡುತ್ತೇನೆ ಅಂದ. ಬೇಡ ಅಂದೆ. ಕೈ ಚಾಚಿ, "ಅದನ್ನ ಕೊಡಿ ಮಿಸ್, ಬಿಸಾಕ್ತೀನಿ" ಅಂದ. ಎತ್ತಿಕೊಳ್ಳಲು ಹೋದಾಗ ಅವನಿಗೆ ಹಿಂಬದಿ ಕಂಡಿತು. "ಇದೇನು ಮಿಸ್?"

"ಅಕ್ಕನ ಬೊಟ್ಟು" ಅಂದೆ. ಅವನ ಕೈ ಅಲ್ಲೇ ನಿಂತಿತು. ನಾನು ಫಿಲ್ಟರನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದೆ. ಹಿಂದಿನಿಂದ ಎರಡು ಸಲ "ಮಿಸ್" ಅಂದ. ತಿರುಗಲಿಲ್ಲ.

ಈಗ ಫಿಲ್ಟರನ್ನು ನಾನೇ ಬದಲಾಯಿಸುತ್ತೇನೆ. ಕಷ್ಟವೇನಿಲ್ಲ, ಉಂಗುರಕ್ಕೆ ಎಣ್ಣೆ ಸವರಿ, ತಾಕಿದ ಮೇಲೆ ಮುಕ್ಕಾಲು ಸುತ್ತು. ಚೆನ್ನಾಗಿಯೇ ಕಲಿಸಿದ್ದಾನೆ, ಅದನ್ನು ಇಲ್ಲ ಅನ್ನಲಾರೆ. ಅವನು ಹಬ್ಬಕ್ಕೆ ಫೋನ್ ಮಾಡುತ್ತಾನೆ. ನಾನು ಎತ್ತುವುದಿಲ್ಲ.

ಆ ಹಳೆಯ ಫಿಲ್ಟರನ್ನು ಮಾತ್ರ ಎಸೆಯಲು ಆಗಲಿಲ್ಲ. ಅಕ್ಕನ ಮಗ ಬೇಸಿಗೆಯಲ್ಲಿ ಮನೆಗೆ ಬಣ್ಣ ಹೊಡೆಸಿದ. ಪೇಂಟರುಗಳು ಅವಳ ಕನ್ನಡಿಯನ್ನು ಬ್ಲೇಡಿನಲ್ಲಿ ಕೆರೆದು ಫಳಫಳ ಮಾಡಿಟ್ಟಿದ್ದಾರೆ. ಅಕ್ಕನ ಹಣೆಯಿಂದ ಬಂದ ಬೊಟ್ಟು ಅಂತ ಇನ್ನು ಎಲ್ಲೂ ಇಲ್ಲ, ಇದೊಂದನ್ನು ಬಿಟ್ಟು. ಅವನು ಪ್ರಾಮಾಣಿಕನಾಗಿದ್ದಿದ್ದರೆ ಇದು ಆ ಮೊದಲ ಏಪ್ರಿಲ್‌ನಲ್ಲೇ ಗುಜರಿಗೆ ಹೋಗಿರುತ್ತಿತ್ತು. ಅದು ಹೊಳೆದಾಗಲೆಲ್ಲ ನನ್ನ ಸಿಟ್ಟು ಇನ್ನಷ್ಟು ಏರುತ್ತದೆ, ಏಕೆಂದರೆ ಇದು ನನ್ನ ಬಳಿ ಉಳಿದಿರುವುದು ಅವನ ಮೋಸದಿಂದಲೇ.

ಕಳೆದ ಆಯುಧಪೂಜೆಗೆ ಬಾನೆಟ್ ಎತ್ತಿ ಹೊಸ ಫಿಲ್ಟರಿಗೂ ಕುಂಕುಮ ಇಡಲು ನೋಡಿದೆ, ಪುಡಿ ನಿಲ್ಲಲಿಲ್ಲ. ಒಳಗಿನಿಂದ ಹಳೆಯದನ್ನು ತಂದು, ಮುಂದಿನ ಸೀಟಿನ ಮೇಲೆ ಬಟ್ಟೆ ಹಾಸಿ, ಬೊಟ್ಟು ನನ್ನ ಕಡೆಗೆ ಬರುವಂತೆ ಇಟ್ಟುಕೊಂಡು, ನಿಂಬೆಹಣ್ಣಿನ ಮೇಲೆ ಕಾರು ಹತ್ತಿಸಿದೆ. ರಾಮಕೃಷ್ಣಾಶ್ರಮದ ಹತ್ತಿರ ಸಿಗ್ನಲ್ ಬಿತ್ತು. "ನೀನು ಹೇಳಿದ್ದೇ ಸರಿ ಕಣೇ ಅಕ್ಕ, ತಪ್ಪಾಯ್ತು" ಅಂದೆ. ಪಕ್ಕದ ಆಟೋದವನು ನನ್ನನ್ನೂ ಫಿಲ್ಟರನ್ನೂ ನೋಡಿದ. ನಾನು ಗಾಜು ಏರಿಸಿಕೊಂಡೆ.